ಅವ್ವನ ಪಾಸ್‌ಪೋರ್ಟಿಗೆ ಅಜ್ಜನ ಸಾಕ್ಷಿ

ನನ್ನ ಅವ್ವನಿಗೆ ಎರಡು ಸಲ ಮದುವೆಯಾಗಿತ್ತು. ಹೀಗೆ ಮೊದಲ ಸಾಲಿನಲ್ಲೇ ಬರೆದರೆ ನಮ್ಮ ಮಂದಿಗೆ ಹಿಡಿಸುವುದಿಲ್ಲ, ಗೊತ್ತು. ಎರಡನೆಯದನ್ನು ಯಾರೂ ಮದುವೆ ಅನ್ನುತ್ತಿರಲಿಲ್ಲ, ಉಡಿಕಿ ಅನ್ನುತ್ತಿದ್ದರು. ಅದನ್ನೂ ದನಿ ಇಳಿಸಿ. ಗಂಡ ಸತ್ತವಳು ಇನ್ನೊಬ್ಬನ ಕೈಯಿಂದ ಹೊಸ ಸೀರೆ ತಗೊಂಡು ಉಟ್ಟು ಅವನ ಮನೆ ಸೇರುವುದಕ್ಕೆ ನಮ್ಮಲ್ಲಿ ಅಡ್ಡಿ ಇರಲಿಲ್ಲ. ನಾಚಿಕೆ ಮಾತ್ರ ಇತ್ತು. ಅಡ್ಡಿ ಇಲ್ಲದ್ದಕ್ಕೆ ನಾಚಿಕೆ ಯಾಕೆ ಅಂತ ಈ ವಯಸ್ಸಿನಲ್ಲೂ ಕೇಳುತ್ತಿರುತ್ತೇನೆ.

ಮೊದಲನೆಯ ಗಂಡ ನನ್ನ ಅಪ್ಪ. ಮೂಡಲಗಿಯಲ್ಲಿ ನನ್ನ ಅಜ್ಜನಿಗೆ ಇದ್ದವನು ಅವನೊಬ್ಬನೇ ಮಗ. ನಾನು ಅಂಬೆಗಾಲಿಡುತ್ತಿದ್ದಾಗ ಜ್ವರ ಬಂದು ಹೋಗಿಬಿಟ್ಟ. ನಮ್ಮ ಹೊಲದ ಬದುವಿನಲ್ಲಿ, ಬನ್ನಿ ಗಿಡದ ಹತ್ತಿರ, ಅವನನ್ನು ಮಣ್ಣು ಮಾಡಿದ್ದರು. ಅವನ ಮುಖ ನನಗೆ ನೆನಪಿಲ್ಲ. ಆದರೆ ನಮ್ಮ ಕಡೆ ಮಕ್ಕಳ ಹೆಸರಿನ ಜೊತೆ ಅಪ್ಪನ ಹೆಸರು ಹಚ್ಚುತ್ತಾರೆ. ಅಜ್ಜ ನನ್ನನ್ನು ಕರೆದರೆ ಪೂರ್ತಿ ಹೆಸರಿನಿಂದಲೇ ಕರೆಯುತ್ತಿದ್ದ, ಊಟಕ್ಕೆ ಕರೆಯುವಾಗಲೂ. ಅದರಲ್ಲಿ ಅರ್ಧ ಕರೆ ನನಗಲ್ಲ, ಸತ್ತ ಮಗನಿಗೆ ಅಂತ ತಿಳಿಯಲು ನಾನು ಬಹಳ ದೊಡ್ಡವಳಾಗಬೇಕಾಯಿತು.

ಅವ್ವನಿಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಅವಳ ತವರು ಹುಕ್ಕೇರಿ. ಅಲ್ಲಿಯ ಹಿರಿಯರು ಅವಳಿಗೆ ಗಿರಣಿಯಲ್ಲಿ ಫಿಟರ್ ಆಗಿದ್ದ ಒಬ್ಬನನ್ನು ಗೊತ್ತುಮಾಡಿದರು. ಅವನಿಗೂ ಹೆಂಡತಿ ಸತ್ತಿದ್ದಳು, ಮಕ್ಕಳಿರಲಿಲ್ಲ. ಉಡಿಕಿಗೆ ಮೊದಲು ಅವ್ವ ಮೂಡಲಗಿಗೆ ಬಂದು, ಅಪ್ಪ ಕಟ್ಟಿದ್ದ ತಾಳಿ, ಕಾಲಿನ ಬೆಳ್ಳಿ, ಎಲ್ಲವನ್ನೂ ಅಜ್ಜನ ಹೆಗಲ ವಸ್ತ್ರದಲ್ಲಿ ಹಾಕಬೇಕಾಯಿತು. ಹಿಂದಿನ ಮನೆಯದು ಹಿಂದಿನ ಮನೆಗೆ. ಅದು ಆಗದೆ ಉಡಿಕಿ ಆಗುವಂತಿಲ್ಲ. ಕೂಸೂ ಹಿಂದಿನ ಮನೆಯದೇ, ಅದನ್ನೂ ಬಿಟ್ಟು ಹೋಗಬೇಕು. ಅವ್ವ ನನ್ನನ್ನು ನೆಲಕ್ಕೆ ಇಳಿಸಿ ಬಾಗಿಲ ತನಕ ಹೋಗಿದ್ದಳಂತೆ. ಅಜ್ಜ ನನ್ನನ್ನು ಎತ್ತಿ ತಂದು ಮತ್ತೆ ಅವಳ ಕಂಕುಳಿಗೆ ಏರಿಸಿದ.

“ಮೊಲಿ ಬಿಡದ ಕೂಸು. ದೊಡ್ಡದಾದ ಮ್ಯಾಲ ನೋಡೂನು, ಒಯ್ಯವ್ವ” ಅಂದನಂತೆ.

ಉಡಿಕಿ ಹುಕ್ಕೇರಿಯಲ್ಲಿ ಹೊತ್ತು ಮುಳುಗಿದ ಮೇಲೆ ಆಯಿತು. ವಾಲಗ ಇಲ್ಲ, ಅಕ್ಕಿಕಾಳಿಲ್ಲ. ಮುತ್ತೈದೆಯರು ಆ ಕಡೆ ಹಾಯುವುದೇ ಇಲ್ಲ. ಮಠದ ಅಯ್ಯ, ಒಬ್ಬಳು ವಿಧವೆ ಅತ್ತೆ, ಅವ್ವನ ಸೋದರಮಾವ, ಇಷ್ಟೇ ಮಂದಿ. ತಾಳಿ ಕಟ್ಟುವ ಹೊತ್ತಿಗೆ ದೀಪಕ್ಕೆ ಬುಟ್ಟಿ ಮುಚ್ಚಿ, ಇದ್ದವರೆಲ್ಲ ಗೋಡೆಗೆ ಮುಖ ಮಾಡಿ ನಿಂತರು. ಅದು ರೂಢಿ. ಮರುದಿನ ಆ ಮಾತು ಎತ್ತದಿರುವುದೂ ರೂಢಿ. ಇದನ್ನೆಲ್ಲ ನನಗೆ ಹೇಳಿದವಳು ಅವ್ವನೇ, ಬೀಸುವ ಕಲ್ಲಿನ ಮುಂದೆ ಕೂತು, ನಡುನಡುವೆ ನಗುತ್ತ. ನಗುವಂಥದ್ದು ಅದರಲ್ಲಿ ಏನಿತ್ತೋ.

ಅವ್ವನ ಎರಡನೆಯ ಗಂಡನನ್ನು ನಾನು ಕಾಕಾ ಅನ್ನುತ್ತಿದ್ದೆ. ಮಲತಂದೆ ಅಂದಕೂಡಲೆ ಕೋಲು ಹಿಡಿದವನನ್ನು ಕಾಯುವವರಿಗೆ ನಿರಾಸೆಯಾದೀತು. ಆ ಮನುಷ್ಯ ನನಗೆ ಒಂದು ದಿನವೂ ಗದರಿಸಿದ್ದಿಲ್ಲ. ಮಾತು ಕಮ್ಮಿ, ಮೈಗೆಲ್ಲ ಯಂತ್ರದ ಎಣ್ಣೆಯ ವಾಸನೆ. ರೊಟ್ಟಿ ಮುರಿದರೆ ಮೊದಲ ತುಣುಕು ನನ್ನ ತಾಟಿಗೆ ಬೀಳುತ್ತಿತ್ತು. ಗೋಕಾಕದಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದು ನಾವು ಮೂವರೂ ಇದ್ದೆವು. ಸುಗ್ಗಿಗೆ, ಹಬ್ಬಕ್ಕೆ ಅಜ್ಜ ಚಕ್ಕಡಿ ಹೂಡಿಕೊಂಡು ಬಂದು ನನ್ನನ್ನು ಮೂಡಲಗಿಗೆ ಒಯ್ಯುತ್ತಿದ್ದ, ಮತ್ತೆ ತಂದು ಬಿಡುತ್ತಿದ್ದ. ಅವನು ಖೋಲಿಯ ಒಳಗೆ ಮಾತ್ರ ಬರುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ನೀರು ಕುಡಿದು ಹೋಗುತ್ತಿದ್ದ.

ಹೀಗೇ ನಡೆದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮುಂಬಯಿಯ ಒಬ್ಬ ಸೇಠನಿಗೆ ಆಫ್ರಿಕಾದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ ಗಿರಣಿ ಇತ್ತು, ಅದಕ್ಕೆ ಫಿಟರ್ ಬೇಕಾಗಿದ್ದ. ಕಾಕಾ ಹೋದ. ಎರಡು ವರ್ಷ ಅಲ್ಲಿದ್ದು, ಹೆಂಡತಿ ಮಕ್ಕಳನ್ನು ಕರೆತರಲು ಸೇಠನ ಒಪ್ಪಿಗೆ ಪಡೆದು ಮರಳಿದ. ಎರಡನೆಯ ಮಹಾಯುದ್ಧಕ್ಕೆ ಇನ್ನೂ ನಾಲ್ಕಾರು ವರ್ಷ ಇದ್ದ ಕಾಲ. ನನಗೆ ಏಳೋ ಎಂಟೋ ಇರಬೇಕು. ಮನೆಗೆ ಬಂದವನೇ ನೀಲಿ ರಟ್ಟಿನ ಒಂದು ಪುಸ್ತಕ ತೆಗೆದು ಅವ್ವನ ಕೈಯಲ್ಲಿಟ್ಟ. ಪಾಸ್‌ಪೋರ್ಟ್ ಅನ್ನುವ ಮಾತನ್ನು ನಾನು ಮೊದಲು ಕೇಳಿದ್ದು ಅವತ್ತೇ.

“ಇದರಾಗ ಹೆಂಡ್ತಿಗೊಂದು ಜಾಗಾ ಐತಿ, ಮಕ್ಕಳಿಗೊಂದು ಜಾಗಾ ಐತಿ. ನೀವಿಬ್ಬರೂ ನನ್ನ ಪುಸ್ತಕದಾಗ ಬರ್ತೀರಿ” ಅಂದ.

ಕಾಕಾ ತಿಳಿಸಿ ಹೇಳಿದ್ದು ಇಷ್ಟು. ಗಂಡ ಯಾವ ಸರಕಾರದ ಪ್ರಜೆಯೋ ಹೆಂಡತಿ ಆ ಸರಕಾರದವಳು. ಅಪ್ಪ ಯಾವ ಸರಕಾರದವನೋ ಮಗು ಆ ಸರಕಾರದ್ದು. ಹೆಂಗಸಿಗೆ, ಹುಡುಗರಿಗೆ ಬೇರೆ ಪುಸ್ತಕ ಬೇಕಿಲ್ಲ. ನಾವು ಗೋಕಾಕದ ಕಚೇರಿಯಲ್ಲಿ ಹೆಸರು ಹಚ್ಚಿಸಿದರೆ ಸಾಕು, ತಾಲೂಕಿನ ಮಾಮಲೇದಾರ ಸಾಹೇಬರು ವಿಚಾರಣೆ ಮಾಡಿ ಬೆಳಗಾವಿಗೆ ಕಳಿಸುತ್ತಾರೆ, ಮುಂದೆ ಹಡಗು. ನನಗೆ ಇದರಲ್ಲಿ ಕಂಡದ್ದು ಹಡಗು ಒಂದೇ. ಓಣಿಯಲ್ಲೆಲ್ಲ ಸಾರಿ ಬಂದೆ. ಕಾಕಾ ಸೇಠನ ಹೆಂಡತಿಗೆ ಕೊಡಲು ಗೋಕಾಕದ ಬಣ್ಣದ ಕಟ್ಟಿಗೆ ಹಣ್ಣು ಕೊಂಡು ತಂದ. ಬಾಳೆಹಣ್ಣು ಖರೆ ಹಣ್ಣಿನ ಹಂಗೇ ಇತ್ತು, ನಾನು ಕಚ್ಚಿ ಹಲ್ಲಿನ ಗುರುತು ಮೂಡಿಸಿದೆ.

ಫೋಟೋ ಬೇಕಂತೆ. ಪೇಟೆಯಲ್ಲಿ ಒಬ್ಬ ಮರಾಠಿ ಮಾತಿನವನು ಪರದೆ ಕಟ್ಟಿ ಫೋಟೋ ತೆಗೆಯುತ್ತಿದ್ದ. ಕಾಕಾನದು ಪುಸ್ತಕದಲ್ಲಿ ಮೊದಲೇ ಇತ್ತು, ಅವ್ವನದೂ ನನ್ನದೂ ಕೂಡಿಸಿ ಒಂದೇ ಸಾಕು ಅಂದರು. ಅವ್ವ ಕುರ್ಚಿಯ ತುದಿಗೆ ಕೂತಳು, ಸೆರಗು ಹಣೆಯ ಮೇಲೆ. ನಾನು ಬಾಜೂಕ್ಕೆ ನಿಂತು ಅವಳ ಹೆಗಲ ಮೇಲೆ ಕೈಯಿಟ್ಟಿದ್ದೆ. ಅಲುಗಬೇಡ ಅಂದದ್ದಕ್ಕೆ ಅವಳ ಕುಪ್ಪಸವನ್ನು ಬಿಗಿಯಾಗಿ ಹಿಡಿದಿದ್ದೆ.

ವಿಚಾರಣೆಗೆ ಒಂದು ಮಾತು ಬೇಕಿತ್ತು: ಇವಳು ಇವನ ಲಗ್ನದ ಹೆಂಡತಿ ಹೌದೋ ಅಲ್ಲವೋ. ಮದುವೆ ಕಂಡವರನ್ನು ಕರೆತನ್ನಿ ಅಂದರು. ಅಯ್ಯ ತೀರಿಕೊಂಡಿದ್ದರು, ವಿಧವೆ ಅತ್ತೆ ಕಚೇರಿಯ ಮೆಟ್ಟಿಲು ಹತ್ತಲಾರೆ ಅಂದಳು. ಉಳಿದವನು ಅವ್ವನ ಸೋದರಮಾವ. ಹುಕ್ಕೇರಿಯಿಂದ ಅವನು ಒಗೆದ ರುಮಾಲು ಸುತ್ತಿಕೊಂಡು, ಹಿರಿಯನಿಗೆ ಸಿಕ್ಕ ಗೌರವ ಅಂತ ಮೀಸೆ ತೀಡಿಕೊಂಡು ಬಂದ. ಅವ್ವ, ನಾನು ಬಾಗಿಲ ಬದಿಗೆ ಕೂತಿದ್ದೆವು.

“ಮದುವಿ ನಿಮ್ಮ ಕಣ್ಣೆದುರು ಆತೇನು?” ಅಂತ ಸಾಹೇಬರು ಕೇಳಿದರು.

“ಇಲ್ರಿ ಸಾಹೇಬ್ರ.”

“ನೀವು ಅಲ್ಲಿ ಇದ್ರಿಲ್ಲೋ?”

“ಇದ್ದೆರಿ.”

“ಇದ್ದು ನೋಡಿಲ್ಲ?”

“ಮರ್ಯಾದಿ ಇದ್ದಾಂವ ನೋಡ್ತಾನೇನ್ರಿ?” ಅಂದ ಸೋದರಮಾವ, ಕೇಳಿದವರ ಮರ್ಯಾದೆಯ ಬಗ್ಗೆಯೇ ಅನುಮಾನ ಬಂದವನ ಹಾಗೆ.

ಸಾಹೇಬರು ಬೇರೆ ಸೀಮೆಯವರು, ನಮ್ಮ ರೂಢಿ ಅವರಿಗೇನು ಗೊತ್ತು. ಇದ್ದವನೇ ನೋಡಿಲ್ಲ ಅಂದಮೇಲೆ ಮುಗಿಯಿತು, ಬರೆದುಕೊಂಡರು. ಸೋದರಮಾವ ಹೊರಗೆ ಬಂದು ಅವ್ವನಿಗೆ, “ನಿನ್ನ ಮಾನ ಕಾದೇನಿ, ಹೆದರಬ್ಯಾಡ” ಅಂದ. ಅವನ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಕಾಕಾ ಅವನಿಗೆ ಚಹಾ ಕುಡಿಸಿ ಕಳಿಸಿಕೊಟ್ಟ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ನಮಗೆ ಪೂಜಾರಿಯೂ ಒಪ್ಪಿದ್ದ, ನಮ್ಮವನೇ ಕೊಡಲಿಲ್ಲ.

ಇನ್ನು ಒಬ್ಬನೇ ಉಳಿದಿದ್ದ. ಅವ್ವನನ್ನು ಬಿಟ್ಟುಕೊಟ್ಟವನು, ತಾಳಿಯನ್ನು ತನ್ನ ವಸ್ತ್ರದಲ್ಲಿ ಇಸಿದುಕೊಂಡವನು. ಅವ್ವ, ಕಾಕಾ, ನಾನು ಮೂಡಲಗಿಗೆ ಹೋದೆವು. ಕಾಕಾ ಆ ಮನೆಗೆ ಬಂದದ್ದು ಅದೇ ಮೊದಲು. ಕಟ್ಟೆಯ ಮೇಲೆ ಕೂತ, ಅಜ್ಜ ಗೋಕಾಕದಲ್ಲಿ ಕೂರುತ್ತಿದ್ದ ಹಾಗೆಯೇ. ಹೇಳಬೇಕಾದ್ದನ್ನೆಲ್ಲ ಹೇಳಿ ಕೊನೆಗೆ, ನೆಲ ನೋಡುತ್ತ, “ಕೂಸನ್ನ ನನ್ನ ಮಗಳಂತ ಬರಸ್ತೀನ್ರಿ. ಕಾಗದಕ್ಕಷ್ಟ. ಮನಿಯಾಗ ಆಕಿ ಹೆಸರು ಇದ್ದಂಗ ಇರತೈತಿ” ಅಂದ.

ಅಜ್ಜ ಹೆಗಲ ವಸ್ತ್ರ ಕೊಡವಿ ಮತ್ತೆ ಮಡಚಿಕೊಂಡ. ಅವನು ಸುಳ್ಳಾಡುವವನಲ್ಲ. ದೊಡ್ಡತನಕ್ಕಲ್ಲ, ಅವನಿಗೆ ಬರುತ್ತಿರಲಿಲ್ಲ; ಎತ್ತು ಮಾರುವಾಗ ಅದರ ಕುಂಟನ್ನು ತಾನೇ ತೋರಿಸುತ್ತಿದ್ದ. ನನ್ನನ್ನು ನೋಡಿದ. ಆಮೇಲೆ, “ಲಿಂಗ ಮುಟ್ಟಿ ಸುಳ್ಳ ಹೇಳಾಕ ನನ್ನ ಕೈಲೆ ಆಗಂಗಿಲ್ಲ ತಮ್ಮಾ. ಆದ್ರ ಕೂಸಿನ ಮಾತ ಕೇಳದಿದ್ರ ನಾನಾಗೇ ಎತ್ತಂಗಿಲ್ಲ” ಅಂದ. ಅವ್ವ ಅಲ್ಲೇ ಹೊಸ್ತಿಲ ಹತ್ತಿರ ತಲೆಬಾಗಿ ಅವನ ಪಾದದ ಕಡೆ ಕೈ ಚಾಚಿದಳು. ಒಬ್ಬನೇ ಮಗನ ಒಬ್ಬಳೇ ಮಗಳನ್ನು ಸಮುದ್ರದಾಚೆ ಕಳಿಸಲು ಆ ಮುದುಕ ಒಪ್ಪಿದ್ದ. ಅದರ ಭಾರ ನನಗೆ ಆಗ ತಿಳಿಯಲಿಲ್ಲ. ನನಗೆ ಹಡಗಿನದೇ ಚಿಂತೆ.

ಕಚೇರಿಗೆ ಅಜ್ಜ ವಿಭೂತಿ ಹಚ್ಚಿಕೊಂಡು, ಆ ತಾಳಿಯನ್ನು ವಸ್ತ್ರದ ಗಂಟಿನಲ್ಲಿ ಕಟ್ಟಿಕೊಂಡು ಬಂದ. ಎದೆಯ ಮೇಲಿನ ಲಿಂಗ ಮುಟ್ಟಿ, ಕೇಳುವ ಮೊದಲೇ ಗಂಟು ಬಿಚ್ಚಿ ಮೇಜಿನ ಮೇಲಿಟ್ಟ. “ಇದು ನನ್ನ ಮಗ ಕಟ್ಟಿದ್ದರಿ. ಅವ ಸತ್ತ ಮ್ಯಾಲ ಈಕಿ ಇದನ್ನ ನನ್ನ ಕೈಯಾಗ ಕೊಟ್ಟು ಇವನ ಮನಿಗೆ ಹೋದ್ಲು. ನಾನು ಇಸಗೊಂಡೆ. ಹಿಂಗ ಇಸಗೊಂಡ್ರ ಮುಗೀತ್ರಿ, ಆಕಿ ನಮ್ಮಾಕಿ ಅಲ್ಲ, ಇವನ ಹೆಂಡ್ತಿ.”

ಸಾಹೇಬರಿಗೆ ಈ ಸಲ ರೂಢಿ ತಿಳಿಯಿತು. ತಾಳಿಯನ್ನು ಬೆರಳಿನಿಂದ ತುಸು ಸರಿಸಿ ನೋಡಿ, ಮುಖ ಮೆತ್ತಗೆ ಮಾಡಿದರು. ಕಾರಕೂನ ಬರೆಯುತ್ತಿದ್ದ. ಅವ್ವ ನನ್ನ ಕೈ ಹಿಡಿದುಕೊಂಡಳು, ನಾವು ಗೆದ್ದೆವು ಅನ್ನುವ ಹಾಗೆ. ಬರವಣಿಗೆಗೆ ಒಂದು ಸಣ್ಣ ಜಾಗ ಖಾಲಿ ಉಳಿದಿತ್ತು, ಅಷ್ಟೇ.

“ಮಗ ತೀರಿ ಎಷ್ಟು ವರ್ಷ ಆತು?” ಅಂದರು ಸಾಹೇಬರು.

ಅಜ್ಜನಿಗೆ ಇಸವಿ ಗೊತ್ತಿರಲಿಲ್ಲ. ಅವನ ಸರೀಕರಿಗೆ ಯಾರಿಗೆ ಗೊತ್ತಿತ್ತು? ಬಾವಿ ತೋಡಿದ್ದು ಕೆಂಪೆತ್ತು ತಂದ ವರ್ಷ, ಕೆಂಪೆತ್ತು ತಂದದ್ದು ಹೊಳೆ ಬಂದ ವರ್ಷ. ಅಪ್ಪನ ಸಾವನ್ನು ಯಾರು ಯಾವಾಗ ಕೇಳಿದರೂ ಅವನು ಹೇಳುತ್ತಿದ್ದದ್ದು ಒಂದೇ ಮಾತು. ಸಾವಿರ ಸಲ ಹೇಳಿದ ಆ ಮಾತನ್ನೇ, ಬಾಗಿಲ ಬದಿಗೆ ಕೂತಿದ್ದ ನನ್ನ ಕಡೆ ಕೈ ತೋರಿಸಿ, ಇಲ್ಲೂ ಹೇಳಿದ.

“ಈಕಿ ಅಂಬೆಗಾಲ ಇಡ್ತಿದ್ಲ್ರಿ ಅವಾಗ.”

ಕಾರಕೂನನ ಕೈ ನಿಂತಿತು. ಅಜ್ಜನ ಕೈ ಇನ್ನೂ ನನ್ನ ಕಡೆಗೇ ಇತ್ತು. ಏನು ಅಂದೆ ಅನ್ನುವುದು ಅವನಿಗೆ ಆಮೇಲೆ ತಿಳಿಯಿತು. ಆ ಮುಖವನ್ನು ನಾನು ನೋಡಿದ್ದೇನೆ. ಇನ್ನೊಬ್ಬರ ಮುಖ ಹಾಗಾದದ್ದನ್ನು ಮತ್ತೆ ನೋಡಿಲ್ಲ, ನೋಡುವುದೂ ಬೇಡ.

ಸಾಹೇಬರು ಕೆಟ್ಟವರಲ್ಲ. ಮೆಲ್ಲಗೆ, “ಹಂಗಾದ್ರ ಇದು ನಿಮ್ಮ ಮಗನ ಕೂಸು?” ಅಂದರು. ಅಜ್ಜ ಕಾಕಾನ ಮುಖ ನೋಡಿದ. ಅವ್ವನನ್ನು ನೋಡಲಿಲ್ಲ. ಲಿಂಗದ ಮೇಲಿನ ಕೈ ತೆಗೆಯದೆ, “ಹೌದ್ರಿ” ಅಂದ.

ಅವ್ವನನ್ನು ಕಾಕಾನ ಹೆಂಡತಿ ಮಾಡಿದ ಮಾತೇ ನನ್ನನ್ನು ಅವನ ಮಗಳಲ್ಲ ಅಂತ ಮಾಡಿತು. ಅಪ್ಪ ಸತ್ತದ್ದು ಖರೆಯಾಗದೆ ಅವಳಿಗೆ ಹೊಸ ಗಂಡ ಇಲ್ಲ. ಅದು ಖರೆಯಾದರೆ ನನಗೆ ಅಪ್ಪ ಆ ಸತ್ತವನೇ. ಕಾಕಾ ತನಗೆ ಬಂದಷ್ಟು ಮಾತಾಡಿದ. ಸತ್ತವನ ಮಗಳು ಅಂತಲೇ ಈಕೆಯ ಹೆಸರು ಬರೆದುಕೊಳ್ಳಿ, ನಾನು ಸಾಕುತ್ತೇನೆ ಅಂದ. ಆ ಪುಸ್ತಕದಲ್ಲಿ ಪುಸ್ತಕದವನ ಮಕ್ಕಳಿಗೆ ಮಾತ್ರ ಜಾಗ, ಸತ್ತವನ ಮಗಳಿಗೆ ಬೇರೆ ಪುಸ್ತಕ ಆಗಬೇಕು, ಬೇರೆ ವಿಚಾರಣೆ, ಅಜ್ಜನ ಒಪ್ಪಿಗೆ, ಮೇಲಿನವರ ಒಪ್ಪಿಗೆ, ತಿಂಗಳುಗಟ್ಟಲೆ ಹಿಡಿಯುತ್ತದೆ ಅಂದರು ಸಾಹೇಬರು. ಕಾಕಾನ ರಜೆ ಮುಗಿಯುತ್ತ ಬಂದಿತ್ತು. “ಮುಂದಿನ ಸಲ ಬಂದಾಗ ನೋಡೂಣು” ಅಂದರು. ಮುಂದಿನ ಸಲ ಅನ್ನುವುದನ್ನು ನಾವೆಲ್ಲರೂ ನಂಬಿದೆವು.

ಫೋಟೋದಲ್ಲಿ ಹೆಂಡತಿಯಷ್ಟೇ ಬೇಕು. ಕಾರಕೂನ ಕತ್ತರಿ ತಗೊಂಡು ಮೇಲಿಂದ ಕೆಳಗೆ ನೆಟ್ಟಗೆ ಕತ್ತರಿಸಿ, ನನ್ನ ತುಂಡನ್ನು ನನ್ನ ಕೈಗೇ ಕೊಟ್ಟ. ಅದರಲ್ಲಿ ನನಗೆ ಬಲಗೈಯ ಅಂಗೈ ತನಕ ಮಾತ್ರ ಇತ್ತು. ಬೆರಳು ಅವ್ವನ ಹೆಗಲ ಮೇಲೆ ಉಳಿದವು, ಅವಳ ಜೊತೆ ಪುಸ್ತಕಕ್ಕೆ ಅಂಟಿಕೊಂಡು ಹೋದವು.

ಕಚೇರಿಯ ಅಂಗಳದ ಬೇವಿನ ಗಿಡದ ಕೆಳಗೆ ಅಜ್ಜ ಕುಕ್ಕರುಗಾಲಲ್ಲಿ ಕೂತಿದ್ದ. ಅವ್ವ ಅವನ ಎದುರು ಹೋಗಿ ನಿಂತಳು.

“ಮಾವಾರ, ನೀವು ಒಂದ ಮಾತ ಬ್ಯಾಡಂದ್ರ ನಾ ಹೋಗಂಗಿಲ್ಲ.”

ಅವಳು ಕೇಳಿದ್ದು ಅಪ್ಪಣೆಯಲ್ಲ. ಬೇಡ ಅನ್ನಿ ಅಂತ ಬೇಡಿಕೊಂಡದ್ದು. ಎಂಟು ವರ್ಷದವಳಿಗೂ ಅದು ತಿಳಿದಿತ್ತು, ಅಜ್ಜನಿಗೆ ತಿಳಿಯಲಿಲ್ಲವೇ? ಅವನು ತಲೆ ಎತ್ತಲಿಲ್ಲ.

“ಹೋಗ ಅನ್ನಾಕೂ, ಬ್ಯಾಡ ಅನ್ನಾಕೂ ನಾ ಯಾರು ಯವ್ವಾ. ಈಗರ ಸಾಹೇಬರ ಮುಂದ ನೀ ನಮ್ಮಾಕಿ ಅಲ್ಲಂತ ಹೇಳಿ ಬಂದೇನಿ.”

ಕಾಕಾ ಸ್ವಲ್ಪ ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಊರು ನಡುಗುವ ಹಾಗೆ ಚೀರುತ್ತಿದ್ದೆ. ಕೇಳಲಿಲ್ಲವಾದ್ದರಿಂದ ಸುಮ್ಮನಿದ್ದೆ.

ಗೋಕಾಕ ರೋಡ್ ಸ್ಟೇಷನ್ನಿಗೆ ಹೋಗುವ ಮುಂಜಾನೆ ಅವ್ವ ನನಗೆ ಎಣ್ಣೆ ಹಚ್ಚಿ ಜಡೆ ಹೆಣೆದಳು. ಕಣ್ಣು ಮೇಲೆ ಎಳೆಯುವಷ್ಟು ಬಿಗಿಯಾಗಿ. “ಭಾಳ ದಿನ ಬಿಚ್ಚೂದಿಲ್ಲ ಇದು” ಅಂದಳು. ಗಾಡಿ ಬಂತು. ಅವಳು ಕಿಟಕಿಯಲ್ಲಿ ಏನೇನೋ ಹೇಳುತ್ತಿದ್ದಳು, ಎಂಜಿನ್ ಸದ್ದಿಗೆ ಕೇಳಲಿಲ್ಲ. ಅಜ್ಜನ ಚಕ್ಕಡಿಯಲ್ಲಿ ಮೂಡಲಗಿಗೆ ಬಂದೆ. ಆ ಜಡೆಯನ್ನು ಯಾರಿಗೂ ಬಿಚ್ಚಗೊಡಲಿಲ್ಲ. ಕಡೆಗೆ ಹೇನು ಬಿದ್ದು, ಓಣಿಯ ಹೆಂಗಸರು ಹಿಡಿದು ಕೂರಿಸಿ ಕತ್ತರಿಸಿ ಹಾಕಿದರು.

ಆ ವರ್ಷಗಳಲ್ಲಿ ನಾನು ಅಜ್ಜನನ್ನು ದ್ವೇಷಿಸಿದೆ. ಅವನು ಹಾಲು ಕಾಸಿ ಕೊಟ್ಟರೆ ಆರುವ ತನಕ ಮುಟ್ಟುತ್ತಿರಲಿಲ್ಲ. ಪೂರ್ತಿ ಹೆಸರಿನಿಂದ ಕರೆದರೆ ಓ ಅನ್ನುತ್ತಿರಲಿಲ್ಲ. ಅವನು ಎರಡು ಸಲ ಕರೆದು, ಮೂರನೆಯ ಸಲ ಬರಿ ನನ್ನ ಹೆಸರು ಹಿಡಿದು ಕರೆಯುತ್ತಿದ್ದ, ಆಗ ಹೋಗುತ್ತಿದ್ದೆ. ಕೊನೆಕೊನೆಗೆ ಮೊದಲ ಸಲವೇ ಬರಿ ನನ್ನ ಹೆಸರು ಹಿಡಿಯತೊಡಗಿದ. ಗೆದ್ದೆ ಅಂದುಕೊಂಡೆ.

ಅವ್ವನಿಗೆ ಅಲ್ಲಿ ಇಬ್ಬರು ಗಂಡುಮಕ್ಕಳಾದರು. ಅವರ ಹೆಸರು ತೊಡಕಿಲ್ಲದೆ ಪುಸ್ತಕದಲ್ಲಿ ಏರಿದವು. ಮುಂದಿನ ಸಲ ಬರಲಿಲ್ಲ. ಒಮ್ಮೆ ಬಾಣಂತನ, ಒಮ್ಮೆ ಸೇಠನ ಹಂಗಾಮು, ಆಮೇಲೆ ಯುದ್ಧ. ಹಡಗಿನಲ್ಲಿ ಹೆಂಗಸು ಮಕ್ಕಳನ್ನು ಹತ್ತಿಸುವುದಿಲ್ಲ ಅಂತ ಕೇಳಿದೆವು. ಯುದ್ಧದ ನಡುವೆಯೇ ಒಂದು ದಿನ ಅರಭಾವಿಯವರೊಬ್ಬರು ಸುದ್ದಿ ತಂದರು. ಅವರ ಅಳಿಯ ಮುಂಬಯಿಯಲ್ಲಿ ಸೇಠನ ವ್ಯಾಪಾರದ ಪೇಢಿಯಲ್ಲಿ ಕೆಲಸಕ್ಕಿದ್ದ. ಅಲ್ಲಿಯ ಮೂರನೆಯ ಹೆರಿಗೆಯಲ್ಲಿ ಅವ್ವ ಹೋಗಿದ್ದಳು. ಅಲ್ಲೇ ಎಲ್ಲೋ ಮಣ್ಣು ಮಾಡಿದ್ದರು. ಹೋಗಿ ಆಗಲೇ ತಿಂಗಳುಗಳಾಗಿದ್ದವು. ಅಷ್ಟು ದಿನ ಸತ್ತವಳ ದಾರಿ ಕಾದಿದ್ದೆ.

ಆಚೀಚೆ ಮನೆಯವರು ಬಂದರು. ಉಡಿಕಿಯಾಗಿ ಹೋದವಳಿಗೆ ಈ ಮನೆಯಲ್ಲಿ ಏನೂ ಮಾಡುವುದಿಲ್ಲ, ಹುಡುಗಿ ಬೇಕಾದರೆ ಅಳಲಿ ಅಂದರು. ಅಜ್ಜ ಹೂಂ ಅಂದ. ಮರುದಿನ ಹೊತ್ತು ಮೂಡುವಾಗ ಕುರ್ಪಿ ತಗೊಂಡು ಬಾ ಅಂತ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದ. ಅಪ್ಪನ ಮಣ್ಣಿನ ಬಾಜೂಕ್ಕೆ ಕೂತು ತಾನೇ ಅಗೆದ. ವಸ್ತ್ರದ ಗಂಟು ಬಿಚ್ಚಿದ. ಸಾಹೇಬರ ಮೇಜಿನ ಮೇಲಿದ್ದ ಅದೇ ತಾಳಿ, ಅದನ್ನು ಕುಣಿಯಲ್ಲಿಟ್ಟ.

ನಾನು ಆಗ ಸೀರೆ ಉಡಲು ಹತ್ತಿದ್ದೆ. ಇಷ್ಟು ವರ್ಷ ಹಲ್ಲು ಕಚ್ಚಿ ಹಿಡಿದದ್ದನ್ನು ಅಲ್ಲಿ ಕೇಳಿದೆ. “ಅಜ್ಜ, ಅವತ್ತ ವರ್ಷ ಗೊತ್ತಿಲ್ಲ ಅಂದಿದ್ರ ಸಾಕಿತ್ತಲ್ಲ?”

ಅವನು ಮಣ್ಣು ಎಳೆಯುತ್ತಲೇ ಇದ್ದ. “ಗೊತ್ತ ಇದ್ದಿದ್ದಿಲ್ಲವ್ವ. ನನಗ ಅವ ಸತ್ತದ್ದು ಅಷ್ಟ ನೆನಪೈತಿ. ಹೊರಗ ಅವನ್ನ ಎತ್ತಾಕತ್ತಿದ್ರು, ನೀ ಅವನ ಹಾಸಿಗಿ ಮ್ಯಾಲ ಅಂಬೆಗಾಲ ಇಟ್ಟು ಹೊಂಟಿದ್ದಿ. ಬ್ಯಾರೆ ಏನರ ನೆನಪ ಇದ್ದಿದ್ರ ಅದನ್ನ ಹೇಳ್ತಿದ್ನಿ.”

ನಾನೂ ಕೂತು ಮಣ್ಣು ಎಳೆದೆ. ಕ್ಷಮಿಸಿದೆ ಅಂತ ಬರೆದರೆ ಚಂದ, ಆದರೆ ಅದು ಪೂರ್ತಿ ಖರೆಯಲ್ಲ. ಸಿಟ್ಟು ಹಿಡಿಯಲು ಅವನಲ್ಲಿ ಜಾಗ ಉಳಿದಿರಲಿಲ್ಲ, ಅಷ್ಟೇ.

ಅಜ್ಜ ಆಮೇಲೆ ಕೆಲವು ವರ್ಷ ಬದುಕಿದ. ನನ್ನನ್ನು ನೋಡಲು ಬೀಗರು ಬಂದಾಗ, ನಡುಮನೆಯಲ್ಲಿ ಕಂಬಳಿ ಹಾಸಿ ಕೂರಿಸಿ ಮಾತಾಡುತ್ತಿದ್ದ. ಹುಡುಗಿಯ ತಾಯಿ ಎಲ್ಲಿ ಅಂತ ಕೇಳಿದರು. ಉಡಿಕಿಯ ಸಂಗತಿ ಅವರಿಗೂ ಗೊತ್ತಿತ್ತು, ಗೊತ್ತಿದ್ದೇ ಕೇಳಿದ್ದು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಜ್ಜ ನನ್ನ ಕಡೆ ಕೈ ತೋರಿಸಿದ.

“ಈಕಿ ಸೀರಿ ಉಡಾಕ ಹತ್ತಿದ ವರ್ಷ ಹೋದ್ಲ್ರಿ, ನಮ್ಮ ಸೊಸಿ” ಅಂದ.

ಬರೆದುಕೊಳ್ಳಲು ಅಲ್ಲಿ ಕಾರಕೂನ ಯಾರೂ ಇರಲಿಲ್ಲ.